ಹಬಲ್ ರಿಪೇರಿ: ಸಾಕ್ಷ್ಯಚಿತ್ರ ಲೆಕ್ಕಕ್ಕೆ ಹಿಡಿಯದ ಸ್ಕ್ರೂಗಳು

ಮಾನ್ಯ ಸಂಪಾದಕರೇ,

ಹಬಲ್ ಬಾಹ್ಯಾಕಾಶ ದೂರದರ್ಶಕದ ಕೊನೆಯ ರಿಪೇರಿಯನ್ನು ಕುರಿತ ಸಾಕ್ಷ್ಯಚಿತ್ರವೊಂದು ಕಳೆದ ವಾರ ಟಿ.ವಿ.ಯಲ್ಲಿ ಕನ್ನಡ ನಿರೂಪಣೆಯೊಂದಿಗೆ ಪ್ರಸಾರವಾಯಿತು. ನಿಮ್ಮ ಪತ್ರಿಕೆಯ ಟಿ.ವಿ. ಅಂಕಣದಲ್ಲಿ ಅದರ ಬಗ್ಗೆ ಮೆಚ್ಚುಗೆಯ ಟಿಪ್ಪಣಿಯೂ ಬಂದಿತ್ತು. ಗಗನಯಾತ್ರಿ ಮೈಕ್ ಮಾಸಿಮಿನೊ ಒಂದು ಹಿಡಿಕೆಯನ್ನು ಎಳೆದು ಮುರಿಯುವ ದೃಶ್ಯವೇ ಎರಡರಲ್ಲೂ ಪ್ರಧಾನ. ಉಪಕರಣಗಳೆಲ್ಲ ಕೈಕೊಟ್ಟಾಗ ತೋಳ್ಬಲ ಕೈಹಿಡಿಯಿತು ಎಂಬ ಭಾವನೆ ನೋಡಿದವರಲ್ಲಿ ಉಳಿಯುತ್ತದೆ. ಹಿಡಿಕೆ ಮುರಿದದ್ದು ನಿಜ. ಆದರೆ ಆ ದಿನ ಅಷ್ಟು ಕಷ್ಟವಾದದ್ದು ಏಕೆ, ಮುರಿಯುವ ನಿರ್ಧಾರಕ್ಕೆ ಬಂದದ್ದು ಹೇಗೆ ಎಂಬುದನ್ನು ಚಿತ್ರ ಹೇಳಲೇ ಇಲ್ಲ.

ಅಂದು, 2009ರ ಮೇ 17ರಂದು, ಮಾಸಿಮಿನೊ ಮತ್ತು ಮೈಕ್ ಗುಡ್ ಕೈಹಾಕಿದ್ದು ಸ್ಟಿಸ್ ಎಂಬ ರೋಹಿತದರ್ಶಕಕ್ಕೆ, ಅಂದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡುವ ಉಪಕರಣಕ್ಕೆ. ಬೀರುವಿನಷ್ಟು ದೊಡ್ಡದಾದ ಈ ಪೆಟ್ಟಿಗೆಯನ್ನು 1997ರ ಫೆಬ್ರುವರಿಯಲ್ಲಿ ಹಬಲ್‌ಗೆ ಜೋಡಿಸಲಾಗಿತ್ತು. 2004ರ ಆಗಸ್ಟ್‌ನಲ್ಲಿ ಅದರೊಳಗಿನ ವಿದ್ಯುತ್ ಪೂರೈಕೆಯ ಬೋರ್ಡು ಕೆಟ್ಟು ಇಡೀ ಉಪಕರಣ ನಿಂತುಹೋಯಿತು. ಹಬಲ್‌ನ ಉಪಕರಣಗಳನ್ನು ಕಕ್ಷೆಯಲ್ಲೇ ಬದಲಾಯಿಸಬೇಕೆಂದು ಮೊದಲಿನಿಂದಲೂ ಯೋಚಿಸಿಯೇ ಕಟ್ಟಿದ್ದಾರೆ. ಬಾಗಿಲುಗಳಿವೆ, ಹಿಡಿಯಲು ಹಳದಿ ಹಿಡಿಕೆಗಳಿವೆ, ದಪ್ಪ ಕೈಗವಸಿನಲ್ಲೂ ತಿರುಗಿಸಬಹುದಾದ ದೊಡ್ಡ ಬೋಲ್ಟುಗಳಿವೆ. ಆದರೆ ಈ ಅನುಕೂಲವೆಲ್ಲ ಪೆಟ್ಟಿಗೆಯನ್ನು ಇಡಿಯಾಗಿ ಹೊರಗೆಳೆದು ಇನ್ನೊಂದನ್ನು ಕೂರಿಸುವುದಕ್ಕೆ. ಪೆಟ್ಟಿಗೆಯ ಒಳಗಿನ ಒಂದು ಬೋರ್ಡನ್ನು ಅಲ್ಲೇ ಬದಲಿಸುವ ಯೋಚನೆ ಯಾರಿಗೂ ಇರಲಿಲ್ಲ. ಆ ಬೋರ್ಡಿನ ಮೇಲಿನ ಮುಚ್ಚಳವನ್ನು ಹಿಡಿದಿದ್ದದ್ದು 111 ಸಣ್ಣ ಸ್ಕ್ರೂಗಳು. ಭೂಮಿಯ ಮೇಲೆ ಮೇಜಿನ ಮುಂದೆ ಕೂತ ತಂತ್ರಜ್ಞರು ಇನ್ನೆಂದೂ ತೆಗೆಯಬೇಕಿಲ್ಲ ಎಂದುಕೊಂಡು ಬಿಗಿದಿದ್ದ ಸ್ಕ್ರೂಗಳವು. ಸಡಿಲವಾಗದಿರಲೆಂದು ಅಂಟನ್ನೂ ಹಾಕಿದ್ದರು.

ಸಡಿಲಾದ ಸ್ಕ್ರೂ ಅಲ್ಲಿ ಕೆಳಗೆ ಬೀಳುವುದಿಲ್ಲ, ತೇಲುತ್ತದೆ. ತೇಲಿ ವಿದ್ಯುತ್ ಬೋರ್ಡಿನ ಮೇಲೆ ಕೂತರೆ ಶಾರ್ಟ್ ಸರ್ಕ್ಯೂಟ್. ಬೆಳಕಿನ ದಾರಿಗೆ ಅಡ್ಡ ಹೋದರೆ ಪಕ್ಕದ ಉಪಕರಣಕ್ಕೂ ತೊಂದರೆ. ಸ್ಕ್ರೂ ಜೊತೆಗೆ ವಾಷರ್ ಕೂಡ ಇರುತ್ತದೆ, ಅದು ಇನ್ನೂ ಹಗುರ. ಮುಚ್ಚಳ ತೆಗೆದ ಮೇಲೆ ಬೋರ್ಡಿನ ಹರಿತ ಅಂಚುಗಳು ಕೈಗವಸಿಗೆ ತಾಗದಂತೆಯೂ ನೋಡಿಕೊಳ್ಳಬೇಕು. ಉಡುಪಿನೊಳಗಿರುವುದು ಶುದ್ಧ ಆಮ್ಲಜನಕ. ಒತ್ತಡ ನಮ್ಮ ಸಮುದ್ರಮಟ್ಟದ ವಾಯುಒತ್ತಡದ ಮೂರನೇ ಒಂದು ಭಾಗಕ್ಕಿಂತ ತುಸು ಕಡಿಮೆ. ಅಷ್ಟಕ್ಕೇ ಕೈಗವಸು ಬಿರುಸಾಗಿ ಉಬ್ಬಿಕೊಳ್ಳುತ್ತದೆ. ಪ್ರತಿ ಬಾರಿ ಬೆರಳು ಮಡಿಸುವಾಗಲೂ ಆ ಒತ್ತಡವನ್ನು ಮೀರಬೇಕು. ಸ್ಕ್ರೂ ತಲೆ ಬೆರಳಿಗೆ ತಿಳಿಯುವ ಮಾತೇ ಇಲ್ಲ.

ಇದಕ್ಕೆ ನಾಸಾದ ಗೊಡ್ಡಾರ್ಡ್ ಕೇಂದ್ರದ ಎಂಜಿನಿಯರುಗಳು ಹುಡುಕಿದ ಉಪಾಯ ಒಂದು ಪಾರದರ್ಶಕ ಹಲಗೆ. ನನ್ನ ಮಟ್ಟಿಗೆ ಇಡೀ ರಿಪೇರಿಯ ನಿಜವಾದ ನಾಯಕ ಅದೇ, ಚಿತ್ರದಲ್ಲಿ ಅದು ಕಾಣಿಸಿದ್ದು ಮಾತ್ರ ಕೆಲವೇ ಕ್ಷಣ. ಮೊದಲು ಮುಚ್ಚಳದ ಕೆಲವು ಸ್ಕ್ರೂಗಳನ್ನು ತೆಗೆದು ಆ ಜಾಗದಲ್ಲಿ ಗೂಟಗಳನ್ನು ಕೂರಿಸಬೇಕು. ಹಲಗೆಯನ್ನು ಅವುಗಳ ಮೇಲೆ ಸೇರಿಸಿ ಬಿಗಿಯಬೇಕು. ಪ್ರತಿ ಸ್ಕ್ರೂವಿನ ನೆತ್ತಿಗೆ ಸರಿಯಾಗಿ ಹಲಗೆಯಲ್ಲಿ ಒಂದೊಂದು ತೂತಿದೆ. ಸ್ಕ್ರೂಡ್ರೈವರಿನ ಬಿಟ್ ಒಳಹೋಗುವಷ್ಟು ದೊಡ್ಡದು, ಸ್ಕ್ರೂವಿನ ತಲೆ ಹೊರಬರಲಾಗದಷ್ಟು ಚಿಕ್ಕದು. ಬಿಚ್ಚಿದ ಸ್ಕ್ರೂ, ವಾಷರ್ ಎಲ್ಲ ಹಲಗೆಯ ಹಿಂದೆ ತಮ್ಮ ತಮ್ಮ ಗೂಡಿನಲ್ಲೇ ಉಳಿಯುತ್ತವೆ. ಕೊನೆಗೆ ಹಲಗೆ, ಮುಚ್ಚಳ, ಸ್ಕ್ರೂ ಎಲ್ಲವೂ ಒಟ್ಟಿಗೆ ಕೈಗೆ ಬರುತ್ತವೆ. ಬಿಚ್ಚುವುದಕ್ಕೆಂದೇ ಒಂದು ಪುಟ್ಟ ಪವರ್ ಟೂಲ್ ಕೂಡ ತಯಾರಾಯಿತು. ಮಾಮೂಲಿ ಟೂಲ್‌ಗಿಂತ ಇದರ ವೇಗ ಹೆಚ್ಚು, ತಿರುಚುವ ಬಲ ಕಡಿಮೆ. ಬಲ ಹೆಚ್ಚಾದರೆ ಸಣ್ಣ ಸ್ಕ್ರೂವಿನ ತಲೆಯೇ ಸವೆದುಹೋಗುತ್ತದೆ. ವೇಗ ಕಡಿಮೆಯಾದರೆ 111 ಸ್ಕ್ರೂ ಮುಗಿಯುವ ಮೊದಲೇ ಉಡುಪಿನ ಆಮ್ಲಜನಕ ಮುಗಿಯುತ್ತದೆ.

ಇಷ್ಟೆಲ್ಲ ಸಿದ್ಧತೆಗೆ ಅಡ್ಡ ಬಂದದ್ದು ಹಿಡಿಕೆ. ಹಲಗೆ ಕೂರಬೇಕಾದ ಜಾಗದಲ್ಲೇ ಅದು ಚಾಚಿಕೊಂಡಿತ್ತು, ನಾಲ್ಕು ಬೋಲ್ಟು. ಮೂರು ಬಂದವು, ಕೆಳಗಿನ ಒಂದರ ತಲೆ ಸವೆದು ಬಿಟ್ ಸುಮ್ಮನೆ ಸುತ್ತತೊಡಗಿತು. ಬೇರೆ ಬಿಟ್ ಹಾಕಿ ನೋಡಿದರು, ಇಕ್ಕಳ ಹಿಡಿದು ನೋಡಿದರು, ಆಗಲಿಲ್ಲ. ಇಲ್ಲಿ ಚಿತ್ರ ಸಂಗೀತವನ್ನು ಏರಿಸಿ ಬಿಡುತ್ತದೆ. ಆ ಹೊತ್ತಿನಲ್ಲಿ ಮೇರಿಲ್ಯಾಂಡ್‌ನ ಗೊಡ್ಡಾರ್ಡ್‌ನಲ್ಲಿ ಅಂಥದೇ ಹಿಡಿಕೆಯನ್ನು ಒಂದೇ ಬೋಲ್ಟಿನಲ್ಲಿ ನಿಲ್ಲಿಸಿ, ಮೇಲ್ತುದಿಗೆ ಅಳತೆ ಯಂತ್ರ ಕಟ್ಟಿ ಎಳೆದು ನೋಡುತ್ತಿದ್ದರು. ಸುಮಾರು 60 ಪೌಂಡ್, ಅಂದರೆ 27 ಕಿಲೋ ಭಾರದಷ್ಟು ಬಲಕ್ಕೆ ಅದು ಮುರಿಯಿತು. ಆ ಸಂಖ್ಯೆ ಹ್ಯೂಸ್ಟನ್ನಿನ ನಿಯಂತ್ರಣ ಕೇಂದ್ರದ ಮೂಲಕ ಮೇಲಕ್ಕೆ ಹೋಯಿತು. ಚೂರುಗಳು ಹಾರದಿರಲೆಂದು ಮಾಸಿಮಿನೊ ಮೊದಲು ಆ ತುದಿಗೆ ಟೇಪ್ ಸುತ್ತಿದರು, ಆಮೇಲೆ ಎಳೆದರು. ಕೆಳಗೆ ಅಳೆದು ಗೊತ್ತುಮಾಡಿಕೊಂಡ ಬಲ ಅದು, ಹತಾಶೆಯ ಎಳೆತವಲ್ಲ.

ಅದಾದ ಮೇಲೂ ಕೆಲಸ ಸಲೀಸಾಗಲಿಲ್ಲ. ಪುಟ್ಟ ಟೂಲ್‌ನ ಬ್ಯಾಟರಿ ಸತ್ತಿತು. ಬದಲಿ ತರಲು ಮಾಸಿಮಿನೊ ನೌಕೆಯಿಂದ ಹೊರಬರುವ ಕೋಣೆಯಾದ ಏರ್‌ಲಾಕ್‌ಗೆ ಹಿಂತಿರುಗಬೇಕಾಯಿತು. ಅಲ್ಲೇ ಆಮ್ಲಜನಕವನ್ನೂ ತುಂಬಿಸಿಕೊಂಡರು. ಹಳೆಯ ಬೋರ್ಡು ಹೊರಬಂದು ಹೊಸದು ಕೂತಿತು. ಹೊಸ ಮುಚ್ಚಳಕ್ಕೆ ಎಷ್ಟು ಸ್ಕ್ರೂ ಅನ್ನುತ್ತೀರಿ? ಒಂದೂ ಇಲ್ಲ. ಎರಡು ಸನ್ನೆಗಳನ್ನು ತಿರುಗಿಸಿದರೆ ಮುಚ್ಚಿಕೊಳ್ಳುತ್ತದೆ. ಅಂದಿನ ಕೆಲಸಕ್ಕೆ ಹಿಡಿದ ಸಮಯ 8 ಗಂಟೆ 2 ನಿಮಿಷ. ಅದೇ ದಿನ ಮಾಡಬೇಕಿದ್ದ ಉಷ್ಣರಕ್ಷಕ ಹೊದಿಕೆಯ ಕೆಲಸ ಮುಂದಕ್ಕೆ ಹೋಯಿತು.

ನಿಜವಾದ ಆತಂಕದ ಕ್ಷಣ ಮೂರು ದಿನ ಮೊದಲೇ, ಮೇ 14ರಂದು ಬಂದಿತ್ತು. 1993ರಿಂದ ಕೆಲಸ ಮಾಡುತ್ತಿದ್ದ ಹಳೆಯ ಕ್ಯಾಮೆರಾವನ್ನು ತೆಗೆದು ಹೊಸ ವೈಡ್ ಫೀಲ್ಡ್ ಕ್ಯಾಮೆರಾ 3 ಕೂರಿಸಬೇಕಿತ್ತು. ಜಾನ್ ಗ್ರನ್ಸ್‌ಫೆಲ್ಡ್ ಜೊತೆಗಿದ್ದ ಆಂಡ್ರ್ಯೂ ಫಾಯ್‌ಸ್ಟಲ್‌ಗೆ ಹಳೆಯದನ್ನು ಹಿಡಿದಿದ್ದ ಬೋಲ್ಟು ಅಲುಗಾಡಲಿಲ್ಲ. ಇಲ್ಲಿ ಲೆಕ್ಕ ತಿರುಗುಮುರುಗು. ಹಿಡಿಕೆ ಮುರಿದರೆ ನಷ್ಟವಿಲ್ಲ, ಈ ಬೋಲ್ಟು ತುಂಡಾದರೆ ಹಳೆಯ ಕ್ಯಾಮೆರಾ ಅಲ್ಲೇ ಶಾಶ್ವತವಾಗಿ ಸಿಕ್ಕಿಕೊಳ್ಳುತ್ತದೆ, ಹೊಸದು ಪೆಟ್ಟಿಗೆಯಲ್ಲೇ ಭೂಮಿಗೆ ವಾಪಸು. ಆದ್ದರಿಂದ ಮೊದಲು ಬಲಕ್ಕೆ ಮಿತಿ ಹಾಕುವ ಸಾಧನವನ್ನು ನಡುವೆ ಇಟ್ಟುಕೊಂಡೇ ಪ್ರಯತ್ನಿಸಿದರು. ಅದು ಸಾಲದಾದಾಗ ಮಾತ್ರ, ಕೆಳಗಿನಿಂದ ಒಪ್ಪಿಗೆ ಬಂದ ಮೇಲೆ, ಆ ಮಿತಿಯನ್ನು ತೆಗೆದು ಕೈಯಿಂದ ತಿರುಗಿಸಿದರು. ಬೋಲ್ಟು ಬಿಟ್ಟುಕೊಟ್ಟಿತು. ಚಿತ್ರ ಇದನ್ನು ಎರಡೇ ಮಾತಿನಲ್ಲಿ ದಾಟಿಸಿಬಿಟ್ಟಿದೆ.

ಎಸಿಎಸ್ ಎಂಬ ಇನ್ನೊಂದು ಕ್ಯಾಮೆರಾದ ರಿಪೇರಿಯೂ ಇದೇ ಬಗೆಯದು. 2007ರ ಜನವರಿಯಲ್ಲಿ ಅದು ಶಾರ್ಟ್ ಆಗಿ ನಿಂತಿತ್ತು. 32 ಸ್ಕ್ರೂ, ನಾಲ್ಕು ಬೋರ್ಡು. ಮೂಲೆಯ ಆಚೆ, ಗ್ರನ್ಸ್‌ಫೆಲ್ಡ್‌ಗೆ ಕಣ್ಣಿಗೆ ಸರಿಯಾಗಿ ಬೀಳದ ಜಾಗ. ಆ ಕೆಲಸ ಅಂದುಕೊಂಡದ್ದಕ್ಕಿಂತ ಸುಲಭವಾಗಿ ಮುಗಿಯಿತು. ಆದರೆ ಚಿತ್ರ ಹೇಳುವಂತೆ ಎಲ್ಲವೂ ಮರುಜೀವ ಪಡೆಯಲಿಲ್ಲ. ವಿಶಾಲ ನೋಟದ ಭಾಗ ಮತ್ತೆ ಕೆಲಸ ಮಾಡಿತು, ಹೆಚ್ಚು ಸೂಕ್ಷ್ಮ ವಿವರ ತೆಗೆಯುವ ಭಾಗ ಎದ್ದೇಳಲಿಲ್ಲ.

ತಿದ್ದಲೇಬೇಕಾದ ತಪ್ಪು ಇನ್ನೊಂದಿದೆ. 1993ರಲ್ಲಿ ಗಗನಯಾತ್ರಿಗಳು ಹಬಲ್‌ನ ಕನ್ನಡಿಯನ್ನು ಸರಿಪಡಿಸಿದರೆಂದು ನಿರೂಪಣೆ ಹೇಳುತ್ತದೆ. 2.4 ಮೀಟರ್ ಅಗಲದ ಆ ಕನ್ನಡಿಯನ್ನು ಯಾರೂ ಮುಟ್ಟಿಲ್ಲ. 1990ರಲ್ಲಿ ಹೇಗೆ ಹೋಯಿತೋ ಇವತ್ತಿಗೂ ಹಾಗೇ ಇದೆ. ಅದರ ಅಂಚು ಇರಬೇಕಾದ್ದಕ್ಕಿಂತ ಸುಮಾರು 2.2 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಹೆಚ್ಚು ಚಪ್ಪಟೆ. ಉಜ್ಜುವುದರಲ್ಲಿ ಒರಟುತನ ಇರಲಿಲ್ಲ. ತಪ್ಪು ಆಕಾರಕ್ಕೆ ಅತ್ಯಂತ ನಿಖರವಾಗಿ ಉಜ್ಜಿದ್ದರು. ಏಕೆಂದರೆ ಆಕಾರ ಪರೀಕ್ಷಿಸುವ ಸಾಧನದಲ್ಲೇ ಒಂದು ಮಸೂರ 1.3 ಮಿಲಿಮೀಟರ್ ಸರಿದು ಕೂತಿತ್ತು. ದೂರ ಅಳೆಯುವ ಸರಳಿನ ತುದಿಯ ಟೋಪಿಯ ಕಪ್ಪು ಲೇಪ ಕಿತ್ತುಹೋಗಿ, ಬೆಳಕು ಸರಳಿನ ಬದಲು ಟೋಪಿಯಿಂದ ಪ್ರತಿಫಲಿಸಿದ್ದು ಅದಕ್ಕೆ ಕಾರಣ. ಅಳತೆ ಹೊಂದದಿದ್ದಾಗ ವಾಷರ್ ತುರುಕಿ ಹೊಂದಿಸಿದರು. ಬೇರೆ ಪರೀಕ್ಷೆಗಳು ದೋಷ ತೋರಿಸಿದರೂ ಈ ಸಾಧನವನ್ನೇ ನಂಬಿದರು. 1993ರ ಡಿಸೆಂಬರಿನಲ್ಲಿ ಮಾಡಿದ್ದು ಇಷ್ಟು: ಹೊಸ ಕ್ಯಾಮೆರಾದೊಳಗೇ ವಿರುದ್ಧ ತಿದ್ದುಪಡಿ ಅಳವಡಿಸಿದ್ದು, ಉಳಿದ ಮೂರು ಉಪಕರಣಗಳಿಗೆ ಕಾಸ್ಟಾರ್ ಎಂಬ ಸಣ್ಣ ಕನ್ನಡಿಗಳ ಪೆಟ್ಟಿಗೆ ಸೇರಿಸಿದ್ದು. ಮುಂದೆ ಬಂದ ಪ್ರತಿ ಉಪಕರಣವೂ ತನ್ನ ತಿದ್ದುಪಡಿಯನ್ನು ತಾನೇ ಹೊತ್ತು ಬಂತು. ಹಾಗಾಗಿ 2009ರಲ್ಲಿ ಕಾಸ್ಟಾರ್ ಅನ್ನು ಕಿತ್ತು ಆ ಜಾಗಕ್ಕೆ ಹೊಸ ನೇರಳಾತೀತ ರೋಹಿತದರ್ಶಕವನ್ನು ಹಾಕಿದರು.

ಕಲ್ಪನಾ ಚಾವ್ಲಾ ಸೇರಿದಂತೆ ಏಳು ಮಂದಿಯನ್ನು ಬಲಿ ತೆಗೆದುಕೊಂಡ 2003ರ ಕೊಲಂಬಿಯಾ ದುರಂತವನ್ನು ಚಿತ್ರ ನೆನೆದಿದೆ. 2004ರಲ್ಲಿ ಈ ಯಾನವನ್ನೇ ರದ್ದು ಮಾಡಿ, 2006ರಲ್ಲಿ ಮತ್ತೆ ಒಪ್ಪಿಗೆ ಕೊಟ್ಟದ್ದನ್ನೂ ಹೇಳಿದೆ. ಕಾರಣವನ್ನು ಬಿಟ್ಟಿದೆ. ನೌಕೆಗೆ ಪೆಟ್ಟಾದರೆ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಹೋಗಿ ಆಶ್ರಯ ಪಡೆಯಬಹುದು. ಆದರೆ ನಿಲ್ದಾಣದ ಕಕ್ಷೆ ಸಮಭಾಜಕಕ್ಕೆ 51.6 ಡಿಗ್ರಿ ಓರೆ, ಹಬಲ್‌ನದು 28.5 ಡಿಗ್ರಿ. ಒಂದರಿಂದ ಇನ್ನೊಂದಕ್ಕೆ ಹೊರಳಲು ನೌಕೆಯ ಇಂಧನ ಎಲ್ಲಿಗೂ ಸಾಲದು. ಆದ್ದರಿಂದಲೇ ಈ ಯಾನಕ್ಕೆ ಅಟ್ಲಾಂಟಿಸ್ ನೌಕೆ ಹೊರಟಾಗ ಪಕ್ಕದ ಉಡಾವಣಾ ವೇದಿಕೆಯಲ್ಲಿ ಎಂಡೆವರ್ ನೌಕೆಯನ್ನು ರಕ್ಷಣೆಗೆಂದು ಸಜ್ಜಾಗಿ ನಿಲ್ಲಿಸಿದ್ದರು.

2009ರಲ್ಲಿ ಕೂರಿಸಿದ, ದೂರದರ್ಶಕ ಎಷ್ಟು ತಿರುಗಿತೆಂದು ಅಳೆಯುವ ಆರು ಜೈರೋಸ್ಕೋಪುಗಳ ಗತಿ ಏನಾಯಿತೆಂದು ಕೇಳುವವರಿಗೆ: ಇವುಗಳ ಚಕ್ರ ನಿಮಿಷಕ್ಕೆ 19,200 ಸುತ್ತು ತಿರುಗುತ್ತದೆ, ದಪ್ಪ ದ್ರವದಲ್ಲಿ ಮುಳುಗಿದ ಕೂದಲಿನಷ್ಟು ತೆಳ್ಳನೆಯ ತಂತಿಗಳು ಅದಕ್ಕೆ ವಿದ್ಯುತ್ ಕೊಡುತ್ತವೆ. ಸಾಮಾನ್ಯವಾಗಿ ಮೊದಲು ತುಂಡಾಗುವುದು ಸವೆದ ಈ ತಂತಿಯೇ. 2024ರ ಜೂನ್‌ನಿಂದ ಹಬಲ್ ಒಂದೇ ಜೈರೋ ನಂಬಿ ಕೆಲಸ ಮಾಡುತ್ತಿದೆ. ಗುರಿ ಬದಲಿಸಲು ಹೆಚ್ಚು ಹೊತ್ತು ಬೇಕು, ವೇಗವಾಗಿ ಚಲಿಸುವ ಹತ್ತಿರದ ಕಾಯಗಳನ್ನು ಹಿಂಬಾಲಿಸಲಾಗದು. ಹೋಗಿ ಬದಲಿಸೋಣವೆಂದರೆ ಶಟಲ್ ನೌಕೆಗಳು 2011ರಲ್ಲೇ ನಿವೃತ್ತವಾಗಿವೆ. ಮುಂದೆ ಬೇರೆ ನೌಕೆ ಬಂದು ಹಿಡಿದುಕೊಳ್ಳಲೆಂದು 2009ರಲ್ಲೇ ಹಬಲ್‌ನ ಬುಡಕ್ಕೆ ಒಂದು ಉಂಗುರ ಜೋಡಿಸಿ ಬಂದಿದ್ದಾರೆ.

ನಮ್ಮ ಕಡೆಗೂ ಇದು ಸಂಬಂಧಿಸಿದ ಮಾತೇ. 2015ರಲ್ಲಿ ಇಸ್ರೋ ಹಾರಿಸಿದ ಆಸ್ಟ್ರೋಸ್ಯಾಟ್‌ನ ನೇರಳಾತೀತ ದೂರದರ್ಶಕವನ್ನು ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ ಹೊಸಕೋಟೆಯ ಪ್ರಯೋಗಾಲಯದಲ್ಲಿ ಜೋಡಿಸಿ ಪರೀಕ್ಷಿಸಿದ್ದರು. ಅದರ ಮೂರು ವಾಹಿನಿಗಳಲ್ಲಿ ಸಮೀಪ ನೇರಳಾತೀತದ್ದು 2018ರಲ್ಲಿ ನಿಂತಿತು. ದೂರ ನೇರಳಾತೀತದ ವಾಹಿನಿಯಿಂದ ಕೆಲಸ ಮುಂದುವರಿಯಿತು, ನಿಂತದ್ದು ನಿಂತೇಹೋಯಿತು. ಹೋಗಿ ಮುಚ್ಚಳ ಬಿಚ್ಚುವ ಅವಕಾಶ ಅಂಥ ಉಪಗ್ರಹಗಳಿಗಿಲ್ಲ. ಹಿಡಿಕೆ, ಬಾಗಿಲು, ದೊಡ್ಡ ಬೋಲ್ಟು ಎಲ್ಲ ಸೇರಿಸಿದರೆ ತೂಕವೂ ಖರ್ಚೂ ಏರುತ್ತವೆ. ಹಬಲ್‌ಗೆ ಅದನ್ನು ಕೊಡಲಾಯಿತು, ಬಹುತೇಕ ಉಪಗ್ರಹಗಳಿಗೆ ಕೊಡುವುದಿಲ್ಲ. ಆಸ್ಟ್ರೋಸ್ಯಾಟ್‌ನಂಥ ಒಂದೂವರೆ ಟನ್ನಿನ ಉಪಗ್ರಹಕ್ಕೆ ಅದನ್ನು ಕೊಡದಿರುವುದೇ ಸರಿಯಾದ ನಿರ್ಧಾರ ಎಂದು ನನ್ನ ಅನಿಸಿಕೆ. ಈ ಚರ್ಚೆ ಚಿತ್ರದಲ್ಲಿ ಐದು ನಿಮಿಷವಾದರೂ ಇರಬೇಕಿತ್ತು.

ಚಿತ್ರ ಮರುಪ್ರಸಾರವಾಗುವುದಾದರೆ ಕನ್ನಡಿಯ ವಿಷಯ ಮತ್ತು ಎಸಿಎಸ್ ಕ್ಯಾಮೆರಾದ ವಿಷಯ, ಇವೆರಡನ್ನು ನಿರೂಪಣೆಯಲ್ಲಿ ತಿದ್ದಿಸಬೇಕೆಂದು ಟಿ.ವಿ. ವಾಹಿನಿಯವರಲ್ಲಿ ವಿನಂತಿ. ಹಿಡಿಕೆಯ ದೃಶ್ಯ ಹಾಗೆಯೇ ಇರಲಿ. ಜೊತೆಗೆ 27 ಕಿಲೋ ಎಂಬ ಆ ಅಂಕಿಯನ್ನು ಹೇಳಿದರೆ ಶಾಲಾ ಮಕ್ಕಳಿಗೂ ಉಪಯೋಗವಾದೀತು.

ಇಂತಿ,
ಒಬ್ಬ ಓದುಗ, ತುಮಕೂರು