ಎಷ್ಟು ಎಕ್ಸ್ ಎಂದು ಬರೆದರೆ ಸಾಲದು

ಮಾನ್ಯ ಸಂಪಾದಕರೆ,

ಪತ್ರಿಕೆಗಳ ತಂತ್ರಜ್ಞಾನ ಅಂಕಣಗಳಲ್ಲೂ ಜಾಹೀರಾತುಗಳಲ್ಲೂ ಸೂಪರ್‌ಜೂಮ್ ಕ್ಯಾಮೆರಾದ (ಬಿಚ್ಚಲು ಬಾರದ ಒಂದೇ ಲೆನ್ಸಿನಲ್ಲಿ ಅಗಲ ನೋಟದಿಂದ ಬಹುದೂರದವರೆಗೆ ಹಿಡಿಯುವ ಕ್ಯಾಮೆರಾ) ವಿಷಯ ಬಂದಾಗ ದಪ್ಪಕ್ಷರದಲ್ಲಿ ಕಾಣುವುದು ಎರಡೇ ಅಂಕಿ: ಇಷ್ಟು ಎಕ್ಸ್ ಜೂಮ್, ಇಷ್ಟು ಮೆಗಾಪಿಕ್ಸೆಲ್. ಇವೆರಡನ್ನೇ ನಂಬಿ ಕೊಂಡವರು ‘ಹಕ್ಕಿ ಮಸುಕಾಗಿ ಬರುತ್ತೆ’ ಎಂದು ಬೇಸತ್ತು ಕ್ಯಾಮೆರಾವನ್ನು ಬೀರುವಿಗೆ ಸೇರಿಸಿಬಿಡುತ್ತಾರೆ. ತಪ್ಪು ಕ್ಯಾಮೆರಾದ್ದಲ್ಲ, ಕೊಳ್ಳುವ ಮೊದಲು ತಿಳಿಯಬೇಕಾದ್ದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ಇಂಥ ಕ್ಯಾಮೆರಾಗಳ ಬಗ್ಗೆ ಬರೆಯುವಾಗ ಇನ್ನೂ ಮೂರು ಅಂಕಿಗಳನ್ನು ತಪ್ಪದೆ ಅಚ್ಚು ಹಾಕಬೇಕೆಂದು ಕೋರುತ್ತೇವೆ: ಫೋಕಲ್ ಲೆಂಗ್ತ್ (ಲೆನ್ಸ್ ದೂರದ್ದನ್ನು ಎಷ್ಟು ಹತ್ತಿರ ತರುತ್ತದೆ ಎಂಬ ಅಳತೆ) ಎಷ್ಟರಿಂದ ಎಷ್ಟಕ್ಕೆ, ಪೂರ್ತಿ ಜೂಮ್‌ನಲ್ಲಿ ಅಪರ್ಚರ್ (ಬೆಳಕು ಒಳಬರುವ ಕಂಡಿ) ಎಷ್ಟು, ಸೆನ್ಸರ್‌ನ (ಚಿತ್ರ ಮೂಡುವ ಚಿಪ್) ಗಾತ್ರ ಎಷ್ಟು.

ಎಕ್ಸ್ ಎಂಬುದು ಬರೀ ಭಾಗಾಕಾರದ ಲೆಕ್ಕ. ಲೆನ್ಸಿನ ಕೊನೆಯ ಫೋಕಲ್ ಲೆಂಗ್ತನ್ನು ಮೊದಲಿನದರಿಂದ ಭಾಗಿಸಿದರೆ ಅದು ಸಿಗುತ್ತದೆ. 2012ರ ಕ್ಯಾನನ್ ಎಸ್‌ಎಕ್ಸ್50 ಎಚ್‌ಎಸ್ 50 ಎಕ್ಸ್, ಪ್ಯಾನಸೋನಿಕ್ ಎಫ್‌ಝಡ್80 60 ಎಕ್ಸ್. ಮೊದಲನೆಯದು 24ರಿಂದ 1200 ಮಿ.ಮೀ., ಎರಡನೆಯದು 20ರಿಂದ 1200 ಮಿ.ಮೀ. ಅಂದರೆ ದೂರದ ಕೊಂಬೆಯ ಹಕ್ಕಿ ಎರಡರಲ್ಲೂ ಒಂದೇ ಗಾತ್ರಕ್ಕೆ ತುಂಬುತ್ತದೆ. ಹೆಚ್ಚಿನ ಹತ್ತು ಎಕ್ಸ್ ಬಂದಿರುವುದು ಅಗಲ ನೋಟದ ಕಡೆಯಿಂದ. ಅದು ಗೋಪುರದ ಫೋಟೊಗೆ ಉಪಯೋಗ, ಹಕ್ಕಿಗಲ್ಲ. ಮೊಬೈಲ್‌ನ 100 ಎಕ್ಸ್ ಅಂತೂ ಬಹುಪಾಲು ಡಿಜಿಟಲ್, ಅಲ್ಲಿ ಲೆನ್ಸಿನ ಪಾಲು ತೀರಾ ಕಡಿಮೆ.

ಬಳಕೆಯ ಮಾತನ್ನು ಒಂದೇ ಕ್ಯಾಮೆರಾ ಹಿಡಿದು ಹೇಳುವುದು ಒಳ್ಳೆಯದು. 2018ರಲ್ಲಿ ಬಂದ ಕ್ಯಾನನ್ ಪವರ್‌ಶಾಟ್ ಎಸ್‌ಎಕ್ಸ್70 ಎಚ್‌ಎಸ್ ತೆಗೆದುಕೊಳ್ಳೋಣ. 65 ಎಕ್ಸ್, 21ರಿಂದ 1365 ಮಿ.ಮೀ., ಅಪರ್ಚರ್ ಎಫ್ 3.4ರಿಂದ ಪೂರ್ತಿ ಜೂಮ್‌ನಲ್ಲಿ ಎಫ್ 6.5 (ಎಫ್ ಅಂಕಿ ಹೆಚ್ಚಿದಷ್ಟೂ ಕಂಡಿ ಕಿರಿದು), 20.3 ಮೆಗಾಪಿಕ್ಸೆಲ್. ಬ್ಯಾಟರಿ, ಕಾರ್ಡ್ ಸೇರಿ ತೂಕ ಸುಮಾರು 600 ಗ್ರಾಂ. 600 ಮಿ.ಮೀ. ಎಫ್ 4ರ ಲೆನ್ಸ್ ಒಂದೇ ಮೂರು ಕಿಲೊ ಇರುತ್ತದೆ, ಬೆಲೆ ಹತ್ತು ಲಕ್ಷದ ಆಚೆ ಈಚೆ. ಒಂದು ಒಳ್ಳೆಯ ಮೊಬೈಲ್‌ನ ಬೆಲೆಯಲ್ಲಿ, ಒಂದೇ ಕೈಯಲ್ಲಿ ಹಿಡಿಯುವ ಪೆಟ್ಟಿಗೆಯಲ್ಲಿ ಇಷ್ಟು ಉದ್ದದ ಟೆಲಿ (ದೂರದ ನೋಟ) ಸಿಗುವುದು ನಿಜಕ್ಕೂ ದೊಡ್ಡ ಅನುಕೂಲ. ಶಾಲೆಯ ಪರಿಸರ ಸಂಘಕ್ಕೋ ಈಗಷ್ಟೇ ಹಕ್ಕಿ ನೋಡಲು ಶುರು ಮಾಡಿದವರಿಗೋ ಇದಕ್ಕಿಂತ ಸೂಕ್ತವಾದದ್ದನ್ನು ಸೂಚಿಸುವುದು ಕಷ್ಟ.

ಈ ಅನುಕೂಲಕ್ಕೆ ತೆತ್ತ ಬೆಲೆ ಸೆನ್ಸರ್‌ನಲ್ಲಿದೆ. 1/2.3 ಇಂಚು ಎಂದು ಕರೆಯುವ ಈ ಸೆನ್ಸರ್‌ನ ನಿಜ ಅಳತೆ ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರ. ದೊಡ್ಡ ಕ್ಯಾಮೆರಾಗಳ ಫುಲ್‌ಫ್ರೇಮ್ ಸೆನ್ಸರ್‌ನ ಮೂವತ್ತರಲ್ಲಿ ಒಂದು ಪಾಲು. ಲೆನ್ಸಿನ ನಿಜವಾದ ಫೋಕಲ್ ಲೆಂಗ್ತ್ 247 ಮಿ.ಮೀ. ಮಾತ್ರ, ಸೆನ್ಸರ್ ಪುಟ್ಟದಾದ್ದರಿಂದ ಅದು ಫುಲ್‌ಫ್ರೇಮ್‌ನ 1365ರಷ್ಟು ಕೆಲಸ ಮಾಡುತ್ತದೆ. ಎಫ್ 6.5ರಲ್ಲಿ ಬೆಳಕಿನ ಒಂದು ಚುಕ್ಕಿ ಸೆನ್ಸರ್ ಮೇಲೆ ಸುಮಾರು 8.7 ಮೈಕ್ರಾನ್ ಅಗಲಕ್ಕೆ ಹರಡುತ್ತದೆ, ಒಂದು ಪಿಕ್ಸೆಲ್‌ನ ಅಗಲವಾದರೋ ಬರೀ 1.2 ಮೈಕ್ರಾನ್. ಹೀಗಾಗಿ ಪೂರ್ತಿ ಜೂಮ್‌ನಲ್ಲಿ 20 ಮೆಗಾಪಿಕ್ಸೆಲ್ ಎಂಬುದು ಹೆಸರಿಗಷ್ಟೇ. ‘ಅಪರ್ಚರ್ ಕಿರಿದು ಮಾಡಿದರೆ ಚಿತ್ರ ಚುರುಕಾಗುತ್ತದೆ’ ಎಂಬ ಡಿಎಸ್‌ಎಲ್‌ಆರ್ ಪಾಠ ಇಲ್ಲಿ ತಿರುಗುಮುರುಗು. ಎಫ್ 8ಕ್ಕೆ ಒಯ್ದರೆ ಚಿತ್ರ ಇನ್ನಷ್ಟು ಮೆತ್ತಗಾಗುತ್ತದೆ, ಬೆಳಕೂ ಕಡಿಮೆಯಾಗುತ್ತದೆ. ಟೆಲಿಯಲ್ಲಿ ಅಪರ್ಚರ್ ಯಾವಾಗಲೂ ಪೂರ್ತಿ ತೆರೆದೇ ಇರಲಿ.

ಬೆಳಕಿನ ಲೆಕ್ಕ ಹೀಗಿದೆ. ಚುರುಕು ಬಿಸಿಲಿನಲ್ಲಿ ಎಫ್ 6.5, ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) 100ಕ್ಕೆ ಷಟರ್ (ಸೆನ್ಸರ್ ಮೇಲೆ ಬೆಳಕು ಬೀಳುವ ಹೊತ್ತು) 1/500ರಿಂದ 1/640 ಸೆಕೆಂಡಿನ ಸುಮಾರು ಸಿಗುತ್ತದೆ. ಕೂತ ಹಕ್ಕಿಗೆ ಇದು ಧಾರಾಳ. ಅಡಿಕೆ ತೋಟದ ನೆರಳಿಗೆ ಹೋದರೆ ಬೆಳಕು ನಾಲ್ಕೈದು ಸ್ಟಾಪ್ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧ) ಇಳಿಯುತ್ತದೆ, ಅದೇ ಐಎಸ್‌ಒದಲ್ಲಿ ಷಟರ್ 1/30ಕ್ಕೆ ಬೀಳುತ್ತದೆ. ಸ್ಟೆಬಿಲೈಸರ್ ಕೈ ನಡುಕವನ್ನು ತಡೆದೀತು, ಹಕ್ಕಿ ಕತ್ತು ತಿರುಗಿಸುವುದನ್ನು ತಡೆಯಲಾರದು. ಅದಕ್ಕೆ ಕನಿಷ್ಠ 1/250 ಬೇಕು. ಆಗ ಐಎಸ್‌ಒ 800ಕ್ಕೋ 1600ಕ್ಕೋ ಏರಿಸಲೇಬೇಕು. ಏರಿಸಿದೊಡನೆ ಕ್ಯಾಮೆರಾ ಜೆಪೆಗ್‌ನಲ್ಲಿ (ಅದು ತಾನೇ ತಿದ್ದಿ ಕೊಡುವ ಚಿತ್ರ) ಕಾಳುಕಾಳನ್ನು ಒರೆಸುವ ನೆಪದಲ್ಲಿ ಗರಿಯ ಗೆರೆಗಳನ್ನೂ ಒರೆಸಿಬಿಡುತ್ತದೆ. 800ರ ಮೇಲೆ ರಾ ಫೈಲ್‌ನಲ್ಲಿ (ಕ್ಯಾಮೆರಾ ತಿದ್ದದ ಹಸಿ ಚಿತ್ರ) ತೆಗೆದು, ಕ್ಯಾನನ್ ಉಚಿತವಾಗಿ ಕೊಡುವ ಡಿಜಿಟಲ್ ಫೋಟೊ ಪ್ರೊಫೆಷನಲ್ ತಂತ್ರಾಂಶದಲ್ಲಿ ಒರೆಸುವಿಕೆಯನ್ನು ನಾವೇ ತಗ್ಗಿಸಿಕೊಂಡರೆ ಗರಿ ಉಳಿಯುತ್ತದೆ. ಕಾಡಿನೊಳಗೆ ಸಂಜೆ ಐದರ ಮೇಲೆ ಈ ಕ್ಯಾಮೆರಾದಿಂದ ಹೆಚ್ಚು ಬಯಸಬಾರದು. ವಿಮರ್ಶೆಯ ಜೊತೆ ಮಾದರಿ ಚಿತ್ರ ಹಾಕುವವರು ಷಟರ್, ಐಎಸ್‌ಒ ಮತ್ತು ಹಕ್ಕಿ ಎಷ್ಟು ಮೀಟರ್ ದೂರದಲ್ಲಿತ್ತು ಎಂಬುದನ್ನು ಕೆಳಗೆ ನಮೂದಿಸಿದರೆ ಓದುಗರಿಗೆ ಇಡೀ ಪುಟದ ವಿವರಣೆಗಿಂತ ಹೆಚ್ಚು ತಿಳಿಯುತ್ತದೆ.

ದೂರದ ಲೆಕ್ಕವೂ ಮುಖ್ಯ. 1365 ಮಿ.ಮೀ.ನಲ್ಲಿ 20 ಮೀಟರ್ ದೂರಕ್ಕೆ ಚೌಕಟ್ಟಿನ ಅಗಲ ಸುಮಾರು 53 ಸೆಂ.ಮೀ. ಅಲ್ಲಿ ಕೂತ ಮಿಂಚುಳ್ಳಿ ಅಗಲದ ಮೂರನೇ ಒಂದು ಭಾಗ ತುಂಬುತ್ತದೆ. 60 ಮೀಟರಿಗೆ ಚೌಕಟ್ಟು ಒಂದೂವರೆ ಮೀಟರ್ ದಾಟುತ್ತದೆ. ಕೆರೆಯಂಚಿನ ಕೆಸರಿನಲ್ಲಿ ಕೆದಕುತ್ತಿರುವ, ಸುಮಾರು 20 ಸೆಂ.ಮೀ. ಉದ್ದದ ಗದ್ದೆಗೊರವ ಆಗ ಎಂಟನೇ ಒಂದು ಭಾಗ. ಗೋಡೆಗೆ ತೂಗುಹಾಕುವ ಚಿತ್ರ ಅದಾಗದು. ಆದರೆ ಬೆಳಗಿನ ಬೆಳಕಿದ್ದರೆ ಕಣ್ಣಿನ ಮೇಲಿನ ಬಿಳಿ ಹುಬ್ಬು ಕಣ್ಣನ್ನು ದಾಟಿ ಹಿಂದಕ್ಕೆ ಹೋಗಿದೆಯೋ, ಕಣ್ಣಿನ ಮುಂದೆಯೇ ನಿಂತಿದೆಯೋ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ದಾಟಿದ್ದರೆ ಅದು ವುಡ್ ಸ್ಯಾಂಡ್‌ಪೈಪರ್ ಎಂಬ ಗೊರವ, ನಿಂತಿದ್ದರೆ ಗ್ರೀನ್ ಸ್ಯಾಂಡ್‌ಪೈಪರ್ ಎಂಬುದು. ಬರಿಗಣ್ಣಿಗೆ ಎರಡೂ ಒಂದೇ ಬೂದು ಹಕ್ಕಿ. ಪಟ್ಟಿಗೆ ಸೇರಿಸುವ ಮುನ್ನ ಇನ್ನೊಬ್ಬರಿಗೆ ತೋರಿಸಬಹುದಾದ ಪುರಾವೆ ಕೈಯಲ್ಲಿರುವುದೇ ಸೂಪರ್‌ಜೂಮ್‌ನ ನಿಜವಾದ ಬಲ. ಗೂಡಿನ ಹತ್ತಿರ ಹೋಗದೆ ದೂರ ನಿಂತೇ ತೆಗೆಯಬಹುದು ಎಂಬುದು ಹಕ್ಕಿಗೂ ಕ್ಷೇಮ.

ನೂರು ಮೀಟರ್ ದಾಟಿದ ಮೇಲೆ ಅಡ್ಡ ಬರುವುದು ಲೆನ್ಸ್ ಅಲ್ಲ, ಗಾಳಿ. ಹೊತ್ತು ಏರಿ ನೆಲ ಕಾದ ಮೇಲೆ ಗದ್ದೆಯ ಬದು, ಡಾಂಬರು ರಸ್ತೆ, ಒಣಗಿದ ಕೆರೆಯಂಗಳದ ಮೇಲಿನ ಗಾಳಿ ಅಲೆಯಾಡುತ್ತದೆ, ವ್ಯೂಫೈಂಡರ್‌ನಲ್ಲಿ ಹಕ್ಕಿಯ ಅಂಚು ಕುದಿಯುವಂತೆ ಕಾಣುತ್ತದೆ. ಎಷ್ಟೇ ಬೆಲೆಯ ಲೆನ್ಸ್ ತಂದರೂ ಅದು ಸರಿಹೋಗದು. ಕಾರಿನಿಂದ ತೆಗೆಯುವವರು ಎಂಜಿನ್ ಆರಿಸಬೇಕು, ಕಾದ ಬಾನೆಟ್ ಮೇಲಿಂದ ಗುರಿ ಇಡಬಾರದು. ಒಳಗೆ ಎಸಿ ಹಾಕಿ ಕಿಟಕಿ ಇಳಿಸಿದಾಗಲೂ ಬಿಸಿ, ತಂಪು ಗಾಳಿ ಬೆರೆತು ಚಿತ್ರ ಕದಡುತ್ತದೆ.

ಕೈಗೆ ಬಂದ ಕೂಡಲೇ ಮೆನುವಿನಲ್ಲಿ ಮಾಡಬೇಕಾದ ಮೊದಲ ಕೆಲಸ ಡಿಜಿಟಲ್ ಜೂಮ್ ಆಫ್ ಮಾಡುವುದು. ಆನ್ ಇದ್ದರೆ 65 ಎಕ್ಸ್ ಮುಗಿದದ್ದೇ ತಿಳಿಯದೆ ಬೆರಳು ಮುಂದಕ್ಕೆ ಹೋಗುತ್ತದೆ. ಮುಂದಿನದೆಲ್ಲ ಕ್ಯಾಮೆರಾ ತಾನೇ ಚಿತ್ರವನ್ನು ಕತ್ತರಿಸಿ ಹಿಗ್ಗಿಸುವುದು, ಅದನ್ನು ಮನೆಯಲ್ಲಿ ಕಂಪ್ಯೂಟರ್‌ನಲ್ಲೇ ಮಾಡಿಕೊಳ್ಳಬಹುದು. ಎರಡನೆಯದು ಫೋಕಸ್ ಚೌಕವನ್ನು ಒಂದೇ ಬಿಂದುವಿಗೆ ತಂದು ಚಿಕ್ಕದು ಮಾಡುವುದು. ಇಲ್ಲದಿದ್ದರೆ ಕ್ಯಾಮೆರಾ ಪಿಕಳಾರವನ್ನು ಬಿಟ್ಟು ಅದರ ಹಿಂದಿನ ಎಲೆಗಳನ್ನು ಹಿಡಿಯುತ್ತದೆ, ಎಲೆಯ ಅಂಚುಗಳಲ್ಲಿ ಕಾಂಟ್ರಾಸ್ಟ್ ಹೆಚ್ಚು. ಚೌಕ ಚಿಕ್ಕದಾದರೂ ಕಡ್ಡಿಗಳ ನಡುವೆ ಫೋಕಸ್ ಹಿಂದೆ ಮುಂದೆ ಓಡುತ್ತಿದ್ದರೆ, ಅಷ್ಟೇ ದೂರದಲ್ಲಿರುವ ದಪ್ಪ ಕೊಂಬೆಗೆ ಗುಂಡಿಯನ್ನು ಅರ್ಧ ಒತ್ತಿ ಹಿಡಿದು, ಹಾಗೇ ಹಕ್ಕಿಯತ್ತ ಸರಿಸಿ ಪೂರ್ತಿ ಒತ್ತಬೇಕು.

ಪೂರ್ತಿ ಜೂಮ್‌ನಲ್ಲಿ ನೋಟದ ಅಗಲ ಒಂದೂವರೆ ಡಿಗ್ರಿ. ಹೊಸಬರು ಸೋಲುವುದು ಇಲ್ಲೇ. ಹಕ್ಕಿ ಹಾರಿ ಪಕ್ಕದ ಕೊಂಬೆಗೆ ಹೋದರೆ ವ್ಯೂಫೈಂಡರ್ ತುಂಬ ಬರೀ ಎಲೆ. ಎಸ್‌ಎಕ್ಸ್70ರಲ್ಲಿ ಲೆನ್ಸಿನ ಎಡಬದಿಯ ಫ್ರೇಮಿಂಗ್ ಅಸಿಸ್ಟ್ ಗುಂಡಿ ಒತ್ತಿ ಹಿಡಿದರೆ ಜೂಮ್ ಹಿಂದೆ ಸರಿದು, ಟೆಲಿಯಲ್ಲಿ ಕಾಣುವ ಜಾಗವನ್ನು ಚೌಕದಲ್ಲಿ ತೋರಿಸುತ್ತದೆ. ಹಕ್ಕಿಯನ್ನು ಚೌಕದೊಳಗೆ ತಂದು ಬೆರಳು ಬಿಟ್ಟರೆ ಜೂಮ್ ಮತ್ತೆ ಅಲ್ಲಿಗೇ ಮರಳುತ್ತದೆ. ಈ ಒಂದು ಗುಂಡಿಯನ್ನು ರೂಢಿ ಮಾಡಿಕೊಂಡವರಿಗೆ ಕ್ಯಾಮೆರಾ ಅರ್ಧ ಒಲಿದ ಹಾಗೆ. ಹಿಂದಿನ ಪರದೆ ನೋಡುತ್ತ ಕೈ ಚಾಚಿ ತೆಗೆಯಲೇಬೇಡಿ. ವ್ಯೂಫೈಂಡರನ್ನು ಹುಬ್ಬಿಗೆ ಒತ್ತಿ, ಮೊಣಕೈಗಳನ್ನು ಪಕ್ಕೆಗೆ ಆನಿಸಿದರೆ ಮೂರು ಕಡೆ ಆಧಾರ ಸಿಗುತ್ತದೆ. ಎಸ್‌ಎಕ್ಸ್50ರ ವ್ಯೂಫೈಂಡರ್ ಬರೀ 2 ಲಕ್ಷ ಚುಕ್ಕೆಗಳದ್ದು, ಫೋಕಸ್ ಕೂತಿತೋ ಇಲ್ಲವೋ ಅದರಲ್ಲಿ ತಿಳಿಯುವುದು ಕಷ್ಟ. ಎಸ್‌ಎಕ್ಸ್70ರದ್ದು 23.6 ಲಕ್ಷ. ಹಣ ಕೊಡುವುದಾದರೆ ಹೆಚ್ಚಿನ ಎಕ್ಸ್‌ಗಿಂತ ಇದಕ್ಕೆ ಕೊಡುವುದು ಮೇಲು. ಇನ್ನು ಹಳೆಯ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ, ಒಂದು ಕಿಲೊ ರಾಗಿ ತುಂಬಿ ಹೊಲಿದ ಚೀಲ ಕಾರಿನ ಕಿಟಕಿಗೂ ಬೇಲಿಯ ಕಲ್ಲಿಗೂ ಟ್ರೈಪಾಡ್‌ಗಿಂತ ಹೆಚ್ಚು ಒದಗುತ್ತದೆ.

ಬೆಳ್ಳಕ್ಕಿಗೆ ಎಕ್ಸ್‌ಪೋಷರ್ ಕಾಂಪನ್ಸೇಶನ್ (ಚಿತ್ರದ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಅಂಕಿ) ಮೈನಸ್ 2/3 ಇಡದಿದ್ದರೆ ಗರಿಯೆಲ್ಲ ಸುಣ್ಣದ ಗೋಡೆ. ಆಕಾಶದ ಎದುರು ಕೂತ ಕಾಜಾಣಕ್ಕೆ ಪ್ಲಸ್ 1 ಬೇಕು. ರಂಗನತಿಟ್ಟಿನಲ್ಲಿ ದೋಣಿ ಅಲುಗಾಡುವುದರಿಂದ ಷಟರ್ 1/1000 ಇಟ್ಟುಕೊಳ್ಳಿ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಹತ್ತಿರದಲ್ಲೇ ಇರುತ್ತವೆ, ಪೂರ್ತಿ ಜೂಮ್ ಬೇಕಾಗುವುದೇ ಅಪರೂಪ. ಹಾರುವ ಹಕ್ಕಿ ಮಾತ್ರ ಈ ವರ್ಗದ ಕ್ಯಾಮೆರಾಗಳಿಗೆ ಕಷ್ಟ. ಸೆಕೆಂಡಿಗೆ 10 ಚಿತ್ರ ಎಂಬುದು ಫೋಕಸ್ ಮೊದಲ ಚಿತ್ರದಲ್ಲೇ ನಿಂತಿದ್ದರೆ ಮಾತ್ರ, ಫೋಕಸ್ ಹಿಂಬಾಲಿಸಬೇಕೆಂದರೆ 5.7. ಬ್ಯಾಟರಿ ಒಂದು ಚಾರ್ಜಿಗೆ ಸುಮಾರು 325 ಚಿತ್ರ. ಬೆಳಗ್ಗೆಯಿಂದ ಸಂಜೆವರೆಗೆ ಹೊರಗಿರುವವರು ಎರಡನೆಯದನ್ನು ಜೇಬಿನಲ್ಲಿಟ್ಟಿರಬೇಕು.

ಬಳಸಿದ ಕ್ಯಾಮೆರಾ ಕೊಳ್ಳುವವರು ಹೆಚ್ಚಾಗಿರುವುದರಿಂದ ಒಂದು ಮಾತು. ಜೂಮ್ ಮಾಡಿದಾಗಲೆಲ್ಲ ಲೆನ್ಸ್ ಹೊರಚಾಚಿ ಗಾಳಿಯನ್ನು ಒಳಗೆಳೆಯುತ್ತದೆ, ಗಾಳಿಯ ಜೊತೆ ಧೂಳೂ ಹೋಗುತ್ತದೆ. ಲೆನ್ಸ್ ಬಿಚ್ಚಲು ಬಾರದ ಈ ಕ್ಯಾಮೆರಾಗಳಲ್ಲಿ ಅದನ್ನು ನಾವೇ ತೆಗೆಯಲಾಗದು. ಪೂರ್ತಿ ಜೂಮ್ ಮಾಡಿ, ಅಪರ್ಚರ್ ಎಫ್ 8ಕ್ಕಿಟ್ಟು, ಬರಿ ಆಕಾಶದ ಒಂದು ಚಿತ್ರ ತೆಗೆದು ಹಿಗ್ಗಿಸಿ ನೋಡಿ. ಬೂದು ಕಲೆಗಳಿದ್ದರೆ ಧೂಳು ಸೆನ್ಸರ್ ತಲುಪಿದೆ. ಜೂಮನ್ನು ತುದಿಯಿಂದ ತುದಿಗೆ ಓಡಿಸಿ, ಕರಕರ ಸದ್ದೋ ನಡುವೆ ತಡೆಯೋ ಇದ್ದರೆ ಬಿಟ್ಟುಬಿಡಿ. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದಾಗ ಗಾಜಿನೊಳಗೆ ಜೇಡರ ಬಲೆಯ ಎಳೆಗಳಂತೆ ಕಂಡರೆ ಅದು ಬೂಷ್ಟು. ಮಲೆನಾಡು, ಕರಾವಳಿಯ ಮಳೆಗಾಲ ಕಳೆದ ಕ್ಯಾಮೆರಾಗಳಲ್ಲಿ ಇದು ಸಾಮಾನ್ಯ. ಕೊಂಡ ಮೇಲೆ ಚರ್ಮದ ಚೀಲದಲ್ಲಿಡದೆ, ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ 100 ಗ್ರಾಂ ನೀಲಿ ಸಿಲಿಕಾ ಜೆಲ್ ಜೊತೆ ಇಡಿ. ಹರಳು ಗುಲಾಬಿ ಬಣ್ಣಕ್ಕೆ ತಿರುಗಿದಾಗ, ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಗೆ ಮತ್ತೆ ನೀಲಿಯಾಗುವವರೆಗೆ ಕಾಯಿಸಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ.

ಇಂತಿ,
ಕೆಲವು ಪಕ್ಷಿ ವೀಕ್ಷಕರು, ಮೈಸೂರು