ದೂರ ನಿಂತು ನೋಡಿದವರಿಗೆಲ್ಲ ಥ್ಯಾಂಕ್ಸ್

ಅಂತೂ ಮುಗಿಯಿತು. 12 ಪ್ಯಾಟರ್ನ್‌ಗಳ ನನ್ನ ಮೊದಲ ಕಲೆಕ್ಷನ್ ಹೋದ ವಾರ ಬಟ್ಟೆಯಾಗಿ ಮನೆಗೆ ಬಂತು. ಎಲ್ಲವನ್ನೂ ಗ್ವಾಷ್ ಅನ್ನುವ ದಪ್ಪ ನೀರುಬಣ್ಣದಲ್ಲಿ ಕೈಯಲ್ಲೇ ಬರೆದದ್ದು, ಎಲ್ಲವೂ ನಮ್ಮ ಸಾಗರದ ಕಡೆಯ ಹಿತ್ತಿಲು ತೋಟದವು. ಅಡಿಕೆ ಹಿಂಗಾರ, ಮುರುಗಲು, ಮಾವಿನ ಮಿಡಿ, ಸೀತಾಳೆ ದಂಡೆ, ಕೆಸುವಿನ ಎಲೆ, ಕಂಚಿಕಾಯಿ. ದೊಡ್ಡ ಪ್ರಿಂಟ್ ಮೂರೇ. ಉಳಿದವು ಅವುಗಳ ಜೊತೆಗೆ ಹೊಂದುವ ಸಣ್ಣವು, ಚುಕ್ಕಿ, ಗೆರೆ, ಬೀಜ, ಮೊಗ್ಗು. ಫೋಟೋ ಹಾಕಿದಾಗಿನಿಂದ ತುಂಬ ಜನ "ಒಬ್ಬಳೇ ಹೇಗೆ ಮಾಡಿದೆ ಮಾರಾಯ್ತಿ" ಅಂತ ಕೇಳುತ್ತಿದ್ದೀರಿ. ಒಬ್ಬಳೇ ಮಾಡಿಲ್ಲ. ಯಾರು ಯಾರು ಏನೇನು ಮಾಡಿದರು ಅಂತ ಬರೆಯೋಣ ಅಂತಲೇ ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ತಗೊಂಡು ಬನ್ನಿ.

ಈ ಕೆಲಸ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಸೀರೆಯಲ್ಲೋ ಪರದೆಯಲ್ಲೋ ಹೂವಿನ ಬಳ್ಳಿ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಅಂತ ಗೊತ್ತಾಗಬಾರದು, ಅಲ್ವಾ? ಆದರೆ ನಾನು ಬರೆಯುವುದು ಒಂದೇ ಒಂದು ಚೌಕ. ಬಟ್ಟೆ ತುಂಬ ಅದನ್ನೇ ಮತ್ತೆ ಮತ್ತೆ ಹೊಡೆಯುತ್ತಾರೆ, ಅದಕ್ಕೇ ರಿಪೀಟ್ ಅನ್ನುವುದು. ಚೌಕದ ಬಲ ಅಂಚಿನಲ್ಲಿ ಅರ್ಧ ಎಲೆ ಇದ್ದರೆ ಉಳಿದರ್ಧ ಎಡ ಅಂಚಿನಲ್ಲಿ ಅದೇ ಎತ್ತರದಲ್ಲಿ, ಅದೇ ದಪ್ಪದಲ್ಲಿ ಇರಬೇಕು. ಮೇಲೆ ಕೆಳಗೂ ಹಾಗೇ. ಕಾಗದದಲ್ಲಿ ಮಾಡುವವರಿಗೆ ಒಂದು ಹಳೇ ಉಪಾಯ ಇದೆ. ಅಂಚು ಖಾಲಿ ಬಿಟ್ಟು ನಡುವೆ ಮಾತ್ರ ಚಿತ್ರ ಬರೆಯಬೇಕು. ಆಮೇಲೆ ಕಾಗದವನ್ನು ಸರಿಯಾಗಿ ನಾಲ್ಕು ತುಂಡು ಮಾಡಿ, ಎದುರುಬದುರು ಮೂಲೆಯ ತುಂಡುಗಳನ್ನು ಅದಲು ಬದಲು ಮಾಡಿ, ಹಿಂದಿನಿಂದ ಟೇಪ್ ಹಚ್ಚಬೇಕು. ಹೊರಗಿದ್ದ ಅಂಚುಗಳೆಲ್ಲ ಈಗ ನಡುವಿಗೆ ಬಂದಿರುತ್ತವೆ, ಅಲ್ಲಿ ಕೂಡುವ ಚಿಹ್ನೆಯ (+) ಹಾಗೆ ಖಾಲಿ ಜಾಗ. ಆ ಜಾಗ ತುಂಬಿದರೆ ರಿಪೀಟ್ ಕೂತ ಹಾಗೆ. ಫೋಟೋಶಾಪ್‌ನ ಆಫ್‌ಸೆಟ್ ಫಿಲ್ಟರ್ ಮಾಡುವುದೂ ಇದನ್ನೇ, ಕತ್ತರಿ ಇಲ್ಲದೆ. ಅದನ್ನು ಹೇಳಿಕೊಟ್ಟವನು ನನ್ನ ತಮ್ಮ, ಬೈಯುತ್ತಾ ಹೇಳಿಕೊಟ್ಟ, ಆದರೂ ಥ್ಯಾಂಕ್ಸ್ ಕಣೋ.

ತಮಾಷೆ ಏನಂದ್ರೆ ಒಂದು ಚೌಕದಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತೆ. ಅದನ್ನೇ ಅಕ್ಕಪಕ್ಕ ಇಟ್ಟು ಗೋಡೆಯಷ್ಟು ಹರಡಿದಾಗಲೇ ಬಣ್ಣ ಬಯಲಾಗುವುದು. ಎಲ್ಲೋ ಎರಡು ಎಲೆ ನಡುವೆ ಬಿಟ್ಟ ಜಾಗ ಸಾಲು ಸಾಲಾಗಿ ಎದ್ದು ಬರುತ್ತೆ. ಒಂದು ಕೆಂಪು ಹಣ್ಣು ಸ್ವಲ್ಪ ಗಾಢ ಆಗಿದ್ದರೆ ಬಟ್ಟೆ ತುಂಬ ಅದೊಂದೇ ಕಣ್ಣಿಗೆ ಹೊಡೆಯುತ್ತೆ. ಬರೆದವಳಿಗೆ ಇದು ಕಾಣುವುದಿಲ್ಲ. ತಿಂಗಳುಗಟ್ಟಲೆ ಅದೇ ಎಲೆ, ಅದೇ ನರ ನೋಡಿರುತ್ತೇನೆ, ನನ್ನ ಕಣ್ಣು ಮೂಗಿನ ಹತ್ತಿರವೇ ಇರುತ್ತೆ. ಬೇರೆಯವರು ದೂರ ನಿಂತು ನೋಡಿಯೇ ಹೇಳಬೇಕು.

ಹಾಗೆ ನೋಡಿ ಹೇಳಿದವರಲ್ಲಿ ಮೊದಲನೆಯವಳು ಅಮ್ಮ. ಪ್ರಿಂಟ್ ತೆಗೆದ ಹಾಳೆಗಳನ್ನೆಲ್ಲ ಜಗಲಿಯಲ್ಲಿ ಹಾಸುತ್ತಿದ್ದೆ. ಅಮ್ಮ ಅಂಗಳದಲ್ಲಿ ನಿಂತು, ಕೈಯಲ್ಲಿ ಹಿಡಿಸೂಡಿ ಹಾಗೇ ಇಟ್ಟುಕೊಂಡು, "ಇದೇನೇ, ಲುಂಗಿ ತರ ಅಡ್ಡ ಗೆರೆ ಬಂದಿದೆಯಲ್ಲ" ಅಂದಳು. ನೋಡಿದರೆ ಹೌದು! ಹಿಂಗಾರದ ಬುಡದ ಕೆಳಗೆ ಬಿಟ್ಟ ಜಾಗ ಆ ತುದಿಯಿಂದ ಈ ತುದಿವರೆಗೆ ಬಿಳೀ ಪಟ್ಟಿಯಾಗಿ ಓಡಿತ್ತು. ಅದಕ್ಕೆ ಹಾಫ್ ಡ್ರಾಪ್ ಮಾಡುತ್ತಾರೆ. ಅಂದ್ರೆ ಪಕ್ಕದ ಸಾಲನ್ನು ಅರ್ಧ ಚೌಕದಷ್ಟು ಕೆಳಗೆ ಜಾರಿಸುವುದು. ಅಡ್ಡ ಗೆರೆ ಒಡೆಯುತ್ತೆ, ಸರಿ. ಆದರೆ ಜಾಗ ಹಾಗೇ ಉಳಿದರೆ ಅದೇ ಗೆರೆ ಓರೆಯಾಗಿ ಬರುತ್ತೆ. ಅದನ್ನೂ ಅಮ್ಮನೇ ಹಿಡಿದಳು. "ಈಗ ಓರೆ ಹೋಯ್ತು" ಅಂದು ಒಳಗೆ ಹೋದಳು. ಕೊನೆಗೆ ಅಲ್ಲೊಂದು ಉದುರಿದ ಹೂವು, ಇಲ್ಲೊಂದು ಸಣ್ಣ ಅಡಿಕೆ ಮೊಗ್ಗು ಹಾಕಿ, ಒಂದೆರಡು ಎಲೆ ಬಾಗಿಸಿ ಆ ಜಾಗ ಕರಗಿಸಿದೆ. ಅಮ್ಮ ಚಿತ್ರಕಲೆ ಎಲ್ಲೂ ಕಲಿತವಳಲ್ಲ. ಅವಳು ಏನೂ ಹೇಳದೆ ದಾಟಿ ಹೋದಳು ಅಂದರೆ ಆ ಪ್ಯಾಟರ್ನ್ ಪಾಸ್.

ಅಪ್ಪಯ್ಯನಿಗೆ ಟ್ರಂಕಿನ ವಿಷಯಕ್ಕೆ ಥ್ಯಾಂಕ್ಸ್ ಹೇಳಬೇಕು. ಮಲೆನಾಡಿನ ಮಳೆಗಾಲದಲ್ಲಿ ಕಾಗದದ ಕೆಲಸ ಮಾಡುವ ಕಷ್ಟ ಇಲ್ಲಿನವರಿಗೇ ಗೊತ್ತು. ಬೂಷ್ಟು ಬರುವುದು ಇದ್ದೇ ಇದೆ. ಅದಕ್ಕಿಂತ ದೊಡ್ಡ ತಲೆನೋವು, ಕಾಗದ ಥಂಡಿ ಕುಡಿದು ಹಿಗ್ಗುತ್ತೆ. ಜಾಸ್ತಿ ಏನಲ್ಲ, ಒಂದು ಮಿಲಿಮೀಟರ್ ಆಸುಪಾಸು. ಅರ್ಧ ಚಿತ್ರ ಸ್ಕ್ಯಾನ್ ಮಾಡುವಷ್ಟರಲ್ಲಿ ಕರೆಂಟ್ ಹೋಗಿ, ಇನ್ನರ್ಧ ಮಾರನೇ ದಿನ ಜೋರು ಮಳೆಯಲ್ಲಿ ಮಾಡಿದರೆ ಮುಗಿಯಿತು, ಕಂಪ್ಯೂಟರಿನಲ್ಲಿ ಎರಡನ್ನೂ ಕೂಡಿಸಿದಾಗ ಎಲೆಯ ನರ ಮೆಟ್ಟಿಲು ಬಿದ್ದಿರುತ್ತೆ. ಚಿತ್ರಗಳನ್ನು ಇಡಲು ಅಂತ ಅಪ್ಪಯ್ಯ ಅಟ್ಟದಿಂದ ತಗಡಿನ ಟ್ರಂಕ್ ಇಳಿಸಿ, ಒರೆಸಿ, ಅಡುಗೆಮನೆಯ ಒಲೆ ಮೇಲೆ ಹಪ್ಪಳ ಬಾಳಕ ಇಡುವ ಬೆಚ್ಚಗಿನ ಜಾಗ ಖಾಲಿ ಮಾಡಿಸಿ ಅಲ್ಲಿಟ್ಟರು. ಹಪ್ಪಳ ಎಲ್ಲಿಗೆ ಹೋಯಿತು ಅಂತ ಕೇಳಬೇಡಿ, ಆ ವರ್ಷ ಸ್ವಲ್ಪ ಮೆತ್ತಗೇ ತಿಂದೆವು.

ಪೇಟೆಯ ಜೆರಾಕ್ಸ್ ಅಂಗಡಿಯ ಹುಡುಗ, ನಿನಗೂ. ನನ್ನ ಚೌಕ 32 ಸೆಂ.ಮೀ., ಮನೆಯ ಸಣ್ಣ ಸ್ಕ್ಯಾನರಿನಲ್ಲಿ ನಾಲ್ಕು ತುಂಡಾಗಬೇಕಿತ್ತು. ನಿನ್ನ ಎ3 ಗಾಜಿನ ಮೇಲೆ ಎರಡರಲ್ಲೇ ಆಗುತ್ತಿತ್ತು. ಸಣ್ಣ ಗೆರೆಯೂ ಬರಲಿ ಅಂತ 600 ಡಿಪಿಐ (ಒಂದು ಇಂಚಿಗೆ 600 ಚುಕ್ಕಿ) ಇಟ್ಟರೆ ಅದು ಆಮೆ ವೇಗ. ಹಿಂದೆ ಆಧಾರ್, ಪಹಣಿ ಹಿಡಿದವರ ಸಾಲು. ಅವರಿಗೆಲ್ಲ "ಎರಡೇ ನಿಮಿಷ, ಅಕ್ಕನದ್ದು ಪೇಂಟಿಂಗ್" ಅಂತ ಸಮಾಧಾನ ಮಾಡುತ್ತಾ, ಪ್ರತಿ ಸಲವೂ ಗಾಜು ಒರೆಸಿ ಕೊಟ್ಟೆಯಲ್ಲ, ಅದರಿಂದ ನನಗೆ ಎಷ್ಟು ಕೆಲಸ ಉಳಿಯಿತು ಗೊತ್ತಾ. ಗಾಜಿನ ಮೇಲೆ ಒಂದು ಧೂಳಿನ ಕಣ ಇದ್ದರೆ ಅದೂ ರಿಪೀಟ್ ಆಗುತ್ತೆ, ಹತ್ತು ಮೀಟರ್ ಬಟ್ಟೆಯಲ್ಲಿ ನೂರಾರು ಕಡೆ.

ನಮ್ಮ ಊರಿನ ಹಸೆ ಚಿತ್ತಾರದ ಅಜ್ಜಿಯನ್ನು ಬಿಡುವ ಹಾಗಿಲ್ಲ. ದೀವರ ಸಮುದಾಯದ ಮನೆಗಳ ಗೋಡೆಯ ಚಿತ್ತಾರ ನೋಡಿದವರಿಗೆ ಗೊತ್ತು, ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಬ್ರಶ್. ಆ ಅಜ್ಜಿ ಸ್ಕೇಲ್ ಇಲ್ಲದೆ ಎಳೆಯುವ ಗೆರೆ ನೋಡುತ್ತಾ ಅವರ ಜಗಲಿಯಲ್ಲಿ ಎಷ್ಟೋ ಮಧ್ಯಾಹ್ನ ಕೂತಿದ್ದೇನೆ. ನಾರಿನ ತುದಿಯನ್ನು ಬಣ್ಣದಲ್ಲಿ ಅದ್ದಿ, ಕುಡಿಕೆಯ ಬಾಯಿಗೆ ಒಂದು ಸಲ ಒರೆಸಿ, ಪ್ರತಿ ಗೆರೆಗೂ ಅಷ್ಟೇ ಬಣ್ಣ ತಗೊಳ್ಳುತ್ತಾರೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ನನಗೆ ಬೇಕಾದದ್ದು ಅದೇ ಆಗಿತ್ತು. ಕೆಲವರು "ಚಿತ್ತಾರವನ್ನೇ ಪ್ರಿಂಟ್ ಮಾಡು, ಚೆನ್ನಾಗಿ ಹೋಗುತ್ತೆ" ಅಂದಿರಿ. ಮಾಡಲ್ಲ. ಹಸೆ ಗೋಡೆ ಮದುವೆ ಮನೆಯದ್ದು, ಬರೆಯುವವರು ಅವರು, ಅದನ್ನು ಕುಶನ್ ಕವರ್ ಮಾಡಿ ದುಡ್ಡು ಎಣಿಸುವುದು ನನಗೆ ಸರಿ ಕಾಣುವುದಿಲ್ಲ. ಅಜ್ಜಿಯಿಂದ ಕಲಿತದ್ದು ಬ್ರಶ್ ಹಿಡಿಯುವುದನ್ನ, ಅಷ್ಟೇ.

ಬೆಂಗಳೂರಿನಲ್ಲಿ ಟೆಕ್ಸ್‌ಟೈಲ್ ಡಿಸೈನ್ ಮಾಡುವ ನನ್ನ ಸೀನಿಯರ್ ಅಕ್ಕ ಇಲ್ಲದಿದ್ದರೆ ಈ ಕೆಲಸ ನಡುವೆಯೇ ನಿಲ್ಲುತ್ತಿತ್ತು. ಚೌಕ 32 ಸೆಂ.ಮೀ. ಇಡು ಅಂದವರು ಅವರು. ನಾನು ಮಾಡಿಸಿದ್ದು ಡಿಜಿಟಲ್ ಪ್ರಿಂಟ್, ಅದಕ್ಕೆ ಯಾವ ಅಳತೆಯಾದರೂ ನಡೆಯುತ್ತೆ. ಆದರೆ ನಾಳೆ ಯಾರಾದರೂ ಸಾವಿರಾರು ಮೀಟರ್ ಬೇಕು ಅಂದರೆ ರೋಟರಿ ಸ್ಕ್ರೀನಿಗೆ, ಅಂದ್ರೆ ತಿರುಗುವ ಉರುಳೆಯಿಂದ ಬಣ್ಣ ಹೊಡೆಯುವ ಮೆಷಿನ್ನಿಗೆ, ಹೋಗಬೇಕು. ಅದರ ಉರುಳೆಯ ಸುತ್ತಳತೆ ಸಾಮಾನ್ಯವಾಗಿ 64 ಸೆಂ.ಮೀ., ಹಾಗಾಗಿ ರಿಪೀಟ್ ಅದರೊಳಗೆ ಸಮವಾಗಿ ಕೂರಬೇಕು. ಒಂದೊಂದು ಬಣ್ಣಕ್ಕೆ ಒಂದೊಂದು ಸ್ಕ್ರೀನ್ ಬೇರೆ. ಬಣ್ಣ ಕಡಿಮೆ ಮಾಡು ಅಂದಾಗ ನಾನು ಮುಖ ಊದಿಸಿಕೊಂಡಿದ್ದೆ. ಆಗ ಅವರು ಇಂಗ್ಲೆಂಡಿನ ಡಿಸೈನರ್ ವಿಲಿಯಂ ಮಾರಿಸ್ 1875ರಲ್ಲಿ ಮಾಡಿದ ಅಕ್ಯಾಂಥಸ್ ಎಲೆಯ ವಾಲ್‌ಪೇಪರಿನ ಕಥೆ ಹೇಳಿದರು, 15 ಬಣ್ಣ, ಒಂದು ಪೂರ್ತಿ ರಿಪೀಟಿಗೆ 30 ಮರದ ಅಚ್ಚು. "ನಿನ್ನ ಹತ್ತಿರ 30 ಅಚ್ಚು ಹೊಡೆಯುವ ಜನ ಇದ್ದಾರಾ?" ಇಲ್ಲ ಅಕ್ಕ. ಎಂಟು ಬಣ್ಣಕ್ಕೆ ಇಳಿಸಿದೆ.

ಅವರದ್ದು ಇನ್ನೊಂದು ಉಪಕಾರ. ಈ ನಡುವೆ ಒಂದು ಕಂಪನಿಯವರು "ಸ್ಯಾಂಪಲ್ ಕಳಿಸಿ, ನೋಡೋಣ" ಅಂತ ದೊಡ್ಡ ಫೈಲ್‌ಗಳನ್ನೇ ತರಿಸಿಕೊಂಡು ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ಊಟ ಸೇರುತ್ತಿರಲಿಲ್ಲ, ಬ್ರಶ್ ಮುಟ್ಟಲು ಮನಸ್ಸಿರಲಿಲ್ಲ. ಅಕ್ಕ ಸಮಾಧಾನದ ಮಾತು ಏನೂ ಆಡಲಿಲ್ಲ, ಕೂರಿಸಿಕೊಂಡು ಒಂದು ಕರಾರು ಹೇಗೆ ಬರೆಯುವುದು ಅಂತ ಹೇಳಿಕೊಟ್ಟರು. ಯಾವ ವಸ್ತುವಿನ ಮೇಲೆ, ಎಷ್ಟು ವರ್ಷ, ಯಾವ ದೇಶದಲ್ಲಿ, ಇಷ್ಟು ಬರೆಯದೆ ಡಿಸೈನ್ ಕೊಡಬಾರದು. ಪೂರ್ತಿ ಹಕ್ಕು ಕೊಡುವುದಾದರೆ ಅದರ ರೇಟೇ ಬೇರೆ. ಮಾತುಕತೆ ಮುಗಿಯುವ ತನಕ ಸಣ್ಣ ಫೈಲ್ ಮಾತ್ರ, ಅದರ ಮೇಲೆ ಹೆಸರು ಇರಲೇಬೇಕು. ಹೊಸದಾಗಿ ಬರುತ್ತಿರುವ ಹುಡುಗಿಯರೇ, ಇದನ್ನು ಬರೆದಿಟ್ಟುಕೊಳ್ಳಿ.

ಪ್ರಿಂಟಿಂಗ್ ಯೂನಿಟ್ಟಿನ ಮೆಷಿನ್ ಅಣ್ಣ! ಮೊದಲ ಮೀಟರ್ ಹೊರಗೆ ಬಂದಾಗ ನನ್ನ ಜೀವ ಬಾಯಿಗೆ ಬಂದಿತ್ತು. ಮುರುಗಲಿನ ಕೆಂಪು ತೊಳೆದ ಇಟ್ಟಿಗೆ ಬಣ್ಣ ಆಗಿತ್ತು. ಅವರು ನಕ್ಕು, "ಮೇಡಂ, ಇನ್ನೂ ಸ್ಟೀಮ್ ಆಗಿಲ್ಲ, ಟೀ ಕುಡಿದು ಬನ್ನಿ" ಅಂದರು. ಕಾಟನ್ ಮೇಲಿನ ರಿಯಾಕ್ಟಿವ್ ಬಣ್ಣ ಹಾಗೆಯೇ, ಸುಮಾರು 102 ಡಿಗ್ರಿ ಆವಿಯಲ್ಲಿ ನೂಲಿಗೆ ಕಚ್ಚಿಕೊಂಡು, ತೊಳೆದ ಮೇಲೆ ನಿಜ ಬಣ್ಣ ತೋರಿಸುತ್ತೆ. ತೊಳೆದು ಬಂದಾಗ ನೋಡಬೇಕಿತ್ತು ನೀವು. ಹಣ್ಣು ಒಡೆದರೆ ಬೆರಳಿಗೆ ಅಂಟುವ ಅದೇ ಕೆಂಪು. ಹಸಿರು ಮಾತ್ರ ಒಂಚೂರು ಜಾಸ್ತಿ ನೀಲಿ ಅನ್ನಿಸಿತು. ಅದಕ್ಕೂ ಅಣ್ಣ ಬೇಜಾರಿಲ್ಲದೆ ಸಣ್ಣ ಸಣ್ಣ ತುಂಡಿನ ಮೇಲೆ ಬೇರೆ ಬೇರೆ ಹಸಿರು ಹೊಡೆದು, ಪಕ್ಕದಲ್ಲಿ ನಂಬರ್ ಹಾಕಿ, ಬಿಸಿಲಲ್ಲಿ ನೋಡಿ ಆರಿಸಿ ಅಂತ ಕೊಟ್ಟರು.

ಕೊನೆಗೆ ನಮ್ಮ ಟೈಲರ್ ಅಕ್ಕ. ಹಿಂಗಾರದ ಪ್ರಿಂಟಿನ ಸ್ಯಾಂಪಲ್ ಕೈಗೆ ಬಂದ ತಕ್ಷಣ ತಿರುಗಿಸಿ ತಿರುಗಿಸಿ ನೋಡಿ, "ಎಲ್ಲ ಗೊನೆ ಒಂದೇ ಕಡೆ ನೇತಾಡ್ತಾವಲ್ಲ, ತಲೆಕೆಳಗೆ ಮಾಡಿ ಕತ್ತರಿಸಕ್ಕಾಗಲ್ಲ, ಬಟ್ಟೆ ಜಾಸ್ತಿ ಹಿಡಿಯುತ್ತೆ" ಅಂದರು. ಡಿಸೈನ್ ಓದಿದವರು ಇದನ್ನು ಒನ್ ವೇ ಪ್ರಿಂಟ್ ಅಂತಾರೆ. ಅವರ ಮಾತು ಕೇಳಿ ಹಿಂಗಾರ, ಮಿಡಿ ಎರಡನ್ನು ಹಾಗೇ ಬಿಟ್ಟೆ, ಯಾಕಂದ್ರೆ ಮರದಲ್ಲಿ ಅವು ನೇತಾಡುವುದೇ ಚೆಂದ. ಸಣ್ಣ ಪ್ರಿಂಟ್‌ಗಳಲ್ಲಿ ಮಾತ್ರ ಹೂವು ಎಲೆಗಳನ್ನು ಎಲ್ಲ ದಿಕ್ಕಿಗೂ ತಿರುಗಿಸಿ ಹಾಕಿದೆ. ಬ್ಲೌಸಿಗೆ ತಗೊಳ್ಳುವವರು ಆ ಸಣ್ಣವನ್ನೇ ತಗೊಳ್ಳಿ, ತುಂಡು ಹಾಳಾಗುವುದಿಲ್ಲ. ಪರದೆಗೆ ದೊಡ್ಡವು.

ಇನ್ನು ನೀವು. ಎರಡು ಹಸಿರು ಹಾಕಿ ಯಾವುದು ಅಂತ ಕೇಳಿದಾಗ ಜಗಳಾಡಿದವರು, ಬಟ್ಟೆ ಇನ್ನೂ ಆಗದೆಯೇ ದುಡ್ಡು ಕಳಿಸಿದವರು, ಅಮೆರಿಕದಿಂದ ಕಂಚಿಕಾಯಿ ನೋಡಿ ಉಪ್ಪಿನಕಾಯಿ ನೆನಪಾಯಿತು ಅಂತ ಮೆಸೇಜ್ ಮಾಡಿದವರು, ಎಲ್ಲರಿಗೂ. ನಿಮ್ಮ ಮುಂಗಡದಲ್ಲೇ ಮೊದಲ ಲಾಟಿನ ಬಟ್ಟೆ ಬಂದಿದ್ದು. ಮಿಡಿಯ ಪ್ರಿಂಟ್ ಖಾಲಿ ಆಗಿದೆ, ಕೇಳಿದವರ ಹೆಸರು ಬರೆದಿಟ್ಟಿದ್ದೇನೆ, ಮುಂದಿನ ಲಾಟಿನಲ್ಲಿ ಮೊದಲು ಅವರಿಗೇ. ಟೈಲರ್ ಅಕ್ಕನ ಹತ್ತಿರ ಹೊಲಿಸುವವರು ಮಾತ್ರ ದೀಪಾವಳಿಗೆ ಮೊದಲೇ ಹೇಳಿಬಿಡಿ, ಆಮೇಲೆ ಅವರು ನನ್ನ ಫೋನೂ ಎತ್ತುವುದಿಲ್ಲ.