‘ಬಾಡಿಗೆ ಸೈನಿಕ’ ಯಾರು?

ಮಾನ್ಯರೇ,

ಏಜೆಂಟರ ಮಾತು ನಂಬಿ ಕೆಲಸಕ್ಕೆಂದು ರಷ್ಯಾಕ್ಕೆ ಹೋಗಿ ಯುದ್ಧಭೂಮಿಗೆ ತಳ್ಳಲ್ಪಟ್ಟ ಕಲಬುರಗಿಯ ಯುವಕರಂಥವರನ್ನು ‘ಬಾಡಿಗೆ ಸೈನಿಕರು’ ಎನ್ನುವುದು ತಪ್ಪು. ಯುದ್ಧದ ನಿಯಮಗಳನ್ನು ಹೇಳುವ ಜಿನೀವಾ ಒಪ್ಪಂದಗಳ 1977ರ ಮೊದಲ ಹೆಚ್ಚುವರಿ ಪ್ರೋಟೊಕಾಲ್‌ನ 47ನೇ ವಿಧಿ ಈ ಪದಕ್ಕೆ ಆರು ಷರತ್ತು ವಿಧಿಸಿದೆ. ಆರೂ ಒಟ್ಟಿಗೆ ಕೂಡಿಬರಬೇಕು. ಅವುಗಳಲ್ಲಿ ಮೂರು ಇವು: ಹೋರಾಡಲೆಂದೇ ನೇಮಕವಾಗಿರಬೇಕು, ಅದೇ ದರ್ಜೆಯ ಸೈನಿಕನಿಗಿಂತ ಬಹಳ ಹೆಚ್ಚಿನ ಹಣದ ಭರವಸೆ ಇರಬೇಕು, ಯುದ್ಧನಿರತ ದೇಶದ ಸೇನೆಯ ಸದಸ್ಯನಾಗಿರಬಾರದು. ಬ್ರಿಟಿಷ್ ಸೇನೆಯಲ್ಲಿರುವ ನೇಪಾಳದ ಗೂರ್ಖಾಗಳು ಇಲ್ಲಿ ಕೊನೆಗೆ ಹೇಳಿದ ಷರತ್ತಿನಿಂದಲೇ ಹೊರಗುಳಿಯುತ್ತಾರೆ. ಪದದ ಹಿಂದೆ ಜೀವದ ಪ್ರಶ್ನೆಯಿದೆ: ಸೆರೆಸಿಕ್ಕ ಬಾಡಿಗೆ ಸೈನಿಕನಿಗೆ ಯುದ್ಧಕೈದಿಯ ಹಕ್ಕಿಲ್ಲ.

‘ಕೂಲಿ ಸೈನಿಕ’ ಎಂಬುದಂತೂ ಬೇಡವೇ ಬೇಡ. ಕೂಲಿ ಎಂದರೆ ಬಿಸಿಲಲ್ಲಿ ಕಳೆ ಕಿತ್ತು, ಕಲ್ಲು ಹೊತ್ತು ಪಡೆವ ದಿನದ ಸಂಬಳ, ಅದನ್ನು ಬೈಗುಳವಾಗಿಸಬಾರದು. ಕರಾರಿನ ಮೇಲೆ ಸೇನೆ ಸೇರಿದವರನ್ನು ‘ಗುತ್ತಿಗೆ ಸೈನಿಕ’ ಎಂದೂ, ಮೋಸಹೋದವರನ್ನು ‘ವಂಚನೆಯಿಂದ ಸೇನೆಗೆ ಸೇರಿಸಲ್ಪಟ್ಟವರು’ ಎಂದೂ ಪತ್ರಿಕೆಗಳು ಬರೆಯಲಿ.

– ಓದುಗ, ಕಲಬುರಗಿ